ಅಪ್ಪನ ಇಂಗ್ಲಿಷ್ ಗಾದೆಗಳು ಮತ್ತು ತಾಯಮ್ಮತ್ತೆ

ಸಿಂಚನ, ಧನುಷ್, ಇದನ್ನು ನಿಮಗಾಗಿ ಬರೆಯುತ್ತಿದ್ದೇನೆ. ಬಾಯಲ್ಲೇ ಹೇಳಬಹುದಿತ್ತು. ಆದರೆ ಹತ್ತು ಜನರ ನಡುವೆ ನನ್ನ ಬಾಯಿಂದ ಮಾತು ಹೊರಡುವುದಿಲ್ಲ, ಇಬ್ಬರ ನಡುವೆಯೂ ಅರ್ಧ ಹೇಳಿ ನಿಲ್ಲಿಸಿಬಿಡುತ್ತೇನೆ. ನಾನು ಓದಿದ್ದು ಊರ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ. ಹಾಗಾಗಿ ಬರೆಯುವುದೂ ನಿಧಾನವೇ. ನೀವು ಶಾಲೆಗೆ ಹೋಗಿ, ನಿಮ್ಮಮ್ಮ ಕೆಲಸಕ್ಕೆ ಹೊರಟ ಮೇಲೆ ಈ ಕೃಷ್ಣರಾಜಪೇಟೆಯ ಮನೆಯಲ್ಲಿ ಮೂರು ಗಂಟೆ ಯಾರೂ ಇರುವುದಿಲ್ಲ. ಆಗ ಕೂತು ಅರ್ಧ ಪುಟ ಬರೆಯುತ್ತೇನೆ. ಅಷ್ಟರಲ್ಲಿ ಬೆರಳು ಸೆಟೆದುಕೊಳ್ಳುತ್ತದೆ, ಆಪರೇಷನ್ ಆದ ಕಣ್ಣಲ್ಲಿ ನೀರು ಬರುತ್ತದೆ. ಅದನ್ನು ಅಳು ಎಂದುಕೊಳ್ಳಬೇಡಿ. ಅಳುವ ಶಕ್ತಿಯೆಲ್ಲ ಮುಗಿದು ಬಹಳ ದಿನವಾಯಿತು.

ಕಳೆದ ಮಾರ್ಲಮಿ ಹಬ್ಬದಲ್ಲಿ, ಹಿರಿಯರಿಗೆ ಎಡೆ ಇಟ್ಟು, ಅವರು ಬಂದು ಉಣ್ಣಲಿ ಎಂದು ಕೋಣೆಯ ಬಾಗಿಲು ಮುಚ್ಚಿ, ನಾವೆಲ್ಲ ಹಜಾರದಲ್ಲಿ ಕಾಯುತ್ತಾ ಕೂತಿದ್ದೆವಲ್ಲ, ಆಗ ನಿಮ್ಮಪ್ಪ ಒಂದು ಕಥೆ ಹೇಳಿದ. ಅವ್ವನ, ಅಂದರೆ ನನ್ನ, ತವರಿನಲ್ಲಿ ತಾಯಮ್ಮ ಅಂತ ಒಬ್ಬಳಿದ್ದಳಂತೆ, ಸತ್ತವರು ಉಣ್ಣುವ ಮೊದಲೇ ಎಡೆಯನ್ನು ತಿಂದುಬಿಟ್ಟಳಂತೆ, ಮನೆಯಿಂದ ಆಚೆ ಹಾಕಿದರಂತೆ ಅಂತ. ಎಲ್ಲರೂ ನಕ್ಕರು. ಧನುಷ್, ನೀನು ವಡೆಯ ತಟ್ಟೆಗೆ ಕೈ ಹಾಕಲು ಹೋಗಿ, ನಾನೂ ತಾಯಮ್ಮ ಆಗ್ಬುಡ್ತೀನಿ ಅಂದೆ. ಮತ್ತೆ ನಕ್ಕರು. ನಾನೂ ನಕ್ಕೆ. ಆವತ್ತು ನಕ್ಕದ್ದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಿಮ್ಮಪ್ಪನ ತಪ್ಪಲ್ಲ. ಅವನಿಗೆ ನಮ್ಮ ತವರಿನವರು ಹೇಳಿದ್ದು, ಅವರಿಗೆ ಅವರ ಹಿರಿಯರು ಹೇಳಿದ್ದು. ಆ ಕಥೆಯ ಬುಡದಲ್ಲಿ ಕೂತಿರುವವಳು ನಾನು. ಅದು ಸುಳ್ಳು ಕಥೆ. ಹೇಗೆ ಸುಳ್ಳು ಎಂದು ಹೇಳಬೇಕಾದರೆ ಆ ಮನೆಯನ್ನೂ ನಮ್ಮಪ್ಪನ ಹುಚ್ಚನ್ನೂ ಮೊದಲು ಹೇಳಬೇಕು.

ನಮ್ಮೂರು ಪಾಂಡವಪುರ ತಾಲ್ಲೂಕಿನಲ್ಲಿ, ಕ್ಯಾತನಹಳ್ಳಿಯಿಂದ ನಡೆದು ಹೋಗುವಷ್ಟು ದೂರ. ಮನೆಯ ಮುಂದೆ ಜಗಲಿ, ಒಳಗೆ ಬಂದರೆ ಎಡಕ್ಕೆ ದನ ಕಟ್ಟುವ ಜಾಗ, ಅದನ್ನು ದಾಟಿದರೆ ನಡುಮನೆ, ನಡುಮನೆಯಿಂದ ಒಂದು ಮೆಟ್ಟಿಲು ಇಳಿದರೆ ಅಡುಗೆಮನೆ. ಅಡುಗೆಮನೆಗೆ ಒಂದೇ ಕಿಟಕಿ, ಹಿತ್ತಿಲ ಕಡೆಗೆ. ಅಡುಗೆಮನೆಯ ಬಾಗಿಲು ಮರದ್ದು, ಹೊಗೆ ಕುಡಿದು ಕುಡಿದು ಶಾಲೆಯ ಬೋರ್ಡಿನಂತೆ ಕಪ್ಪಾಗಿತ್ತು. ಇದ್ದವರು ಅಜ್ಜಿ, ಬೇಸಾಯ ಮಾಡುತ್ತಿದ್ದ ದೊಡ್ಡಪ್ಪ, ದೊಡ್ಡಮ್ಮ, ಅವರ ಮಕ್ಕಳು, ನನ್ನ ಅಪ್ಪ, ಅವ್ವ, ನಾನು, ಮತ್ತು ಅಪ್ಪನ ತಂಗಿ ತಾಯಮ್ಮತ್ತೆ. ಅತ್ತೆಯನ್ನು ನಾಗಮಂಗಲದ ಕಡೆಯ ಒಂದು ಹಳ್ಳಿಗೆ ಕೊಟ್ಟಿದ್ದರು. ಎರಡು ವರ್ಷಕ್ಕೆ ಗಂಡ ತೀರಿಕೊಂಡ, ಮಕ್ಕಳಿರಲಿಲ್ಲ, ವಾಪಸ್ಸು ಬಂದಿದ್ದಳು. ಬೆಳಿಗ್ಗೆ ಮೊದಲು ಏಳುವವಳು ಅವಳು, ಕೊನೆಗೆ ಉಣ್ಣುವವಳೂ ಅವಳು. ಆದರೂ ಅವಳ ಬಾಯಿ ಸುಮ್ಮನಿರುತ್ತಿರಲಿಲ್ಲ. ದನದ ಜೊತೆಯೂ ಮಾತಾಡುತ್ತಿದ್ದಳು. ಹಾಲು ಕೊಡದೆ ಒದೆಯುವ ಹಸುವಿಗೆ, ನೀನೂ ದೊಡ್ಡತ್ತಿಗೆ ಕಡೆಯವ್ಳೇನೇ ಅನ್ನುತ್ತಿದ್ದಳು. ದೊಡ್ಡಮ್ಮ ಅದನ್ನು ಕೇಳಿಸಿಕೊಂಡಿದ್ದರೆಂದು ನನಗೆ ಆಮೇಲೆ ಗೊತ್ತಾಯಿತು.

ಅಪ್ಪ ಪಕ್ಕದ ಊರಿನ ಮಿಡ್ಲ್ ಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು. ಇಂಗ್ಲಿಷ್ ಓದುತ್ತಿದ್ದರೇ ಹೊರತು ಅದರಲ್ಲಿ ಒಂದು ಮಾತಾಡಿದ್ದನ್ನು ನಾನು ಕೇಳಿಲ್ಲ. ತಾತ ತೀರಿಕೊಂಡಾಗ ಬೂದಿ ಬಿಡಲು ಶ್ರೀರಂಗಪಟ್ಟಣಕ್ಕೆ ಹೋಗಿದ್ದರು. ಪಶ್ಚಿಮವಾಹಿನಿಯಲ್ಲಿ ಕಾರ್ಯ ಮುಗಿಸಿ ಬರುವಾಗ, ದಾರಿಯಲ್ಲಿ ಕಡಲೆಕಾಯಿ ಮಾರುವವನು ಒಂದು ದಪ್ಪ ಇಂಗ್ಲಿಷ್ ಪುಸ್ತಕದ ಹಾಳೆ ಕಿತ್ತು ಕಿತ್ತು ಪೊಟ್ಟಣ ಕಟ್ಟುತ್ತಿದ್ದನಂತೆ. ಅಪ್ಪ ಉಳಿದ ಪುಸ್ತಕವನ್ನು ಕೊಂಡುಕೊಂಡರು. ರಟ್ಟಿಲ್ಲ, ಮೊದಲ ಮೂವತ್ತು ನಲವತ್ತು ಪುಟಗಳಿಲ್ಲ. ತಲೆ ಬೋಳಿಸಿಕೊಂಡು, ಒದ್ದೆ ಪಂಚೆಯಲ್ಲಿ, ಕಂಕುಳಲ್ಲಿ ಪುಸ್ತಕ ಇಟ್ಟುಕೊಂಡು ಬಂದ ಅಪ್ಪನನ್ನು ನೋಡಿ ಅಜ್ಜಿ, ಅಪ್ಪನ್ನ ಬುಟ್ಟು ಬತ್ತೀನಿ ಅಂತ ಓಗಿ ಇದ್ಯಾರ್ನ ಕರ್ಕೊಂಡು ಬಂದೆ ಅಂದರಂತೆ. ಆ ಪುಸ್ತಕದಲ್ಲಿ ಇದ್ದದ್ದು ಇಂಗ್ಲಿಷಿನವರ ಬಹಳ ಹಳೆಯ ಗಾದೆಗಳು. ಸಾವಿರ ವರ್ಷದ ಹಿಂದೆ ಅವರ ರೈತರು, ಅವರ ಅಡುಗೆಯವರು, ಅವರ ಸನ್ಯಾಸಿಗಳು ಹೇಳುತ್ತಿದ್ದಂಥವು. ಕೊನೆಯ ಭಾಗದಲ್ಲಿ ಅವರ ನಾಡಿನ ಮೊದಮೊದಲ ಚರಿತ್ರೆ ಬರೆದ ಒಬ್ಬ ಸನ್ಯಾಸಿಯ ವಿಚಾರ. ಆತನ ಹೆಸರು ಕಳೆದುಹೋದ ಪುಟಗಳಲ್ಲಿ ಇತ್ತೇನೋ. ಅಪ್ಪನಿಗೆ ಕೊನೆಯವರೆಗೂ ಸಿಗಲಿಲ್ಲ.

ಪ್ರತಿ ಸೋಮವಾರ ಅಪ್ಪ ಡಿಕ್ಷನರಿ ಇಟ್ಟುಕೊಂಡು ಬಿಡಿಸಿದ ಒಂದು ಗಾದೆಯನ್ನು ಅಡುಗೆಮನೆಯ ಕಪ್ಪು ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು. ಮೇಲೆ ಇಂಗ್ಲಿಷು, ಕೆಳಗೆ ಕನ್ನಡ. ಅವ್ವನಿಗೆ ಎರಡೂ ಓದಲು ಬರುತ್ತಿರಲಿಲ್ಲ. ನಾನು ಓದಿ ಹೇಳಬೇಕು, ಅವ್ವ ಮುದ್ದೆ ತೊಳಸುತ್ತಾ ಅದಕ್ಕೆ ಜವಾಬು ಕೊಡಬೇಕು. ಗೆಳೆಯ ದೂರವಿದ್ದರೂ ಆಗುತ್ತಾನೆ, ಹತ್ತಿರವಿದ್ದರೆ ಹೆಚ್ಚು ಆಗುತ್ತಾನೆ ಎಂದು ಒಂದು ಸಲ ಬರೆದಿದ್ದರು. ದೂರದ ನೆಂಟನಿಗಿಂತ ಹತ್ತಿರದ ನೆರೆಯವನೇ ಲೇಸು ಅಂತ ನಮ್ಮಜ್ಜಿ ಹೇಳ್ತಿರ್ಲಿಲ್ವಾ, ಅದ್ಕೆ ಸಮುದ್ರ ದಾಟ್ಬೇಕಾ ಅಂದರು ಅವ್ವ. ಒಂದೇ ಸಲ ಅತಿಭಾರ ಹೇರುವುದಕ್ಕಿಂತ ಹಲವು ಸಲ ಹೇರುವುದು ಮೇಲು ಎಂದು ಬರೆದಾಗ ದೊಡ್ಡಪ್ಪನಿಗೆ ಕೋಪ ಬಂತು. ಆ ವಾರವೇ ಅವರು ಕಬ್ಬು ಹೆಚ್ಚು ಹೇರಿ ಗಾಡಿಯ ಅಚ್ಚು ಮುರಿದುಕೊಂಡಿದ್ದರು. ತಮ್ಮ ತಮಗೇ ಬರೆದದ್ದೆಂದು ಎರಡು ದಿನ ಮಾತು ಬಿಟ್ಟರು. ಮಸಿ ಹಿಡಿದ ಚೀಲದಲ್ಲೂ ಒಡವೆ ಇರಬಹುದು ಎಂಬ ಗಾದೆ ಬಂದ ದಿನ ಅವ್ವ ಸಾರಿನ ಮಡಕೆಯನ್ನು ತೋರಿಸಿ ಹೇಳಿದ್ದು ನನಗೆ ಹಾಗೇ ನೆನಪಿದೆ:

“ನೋಡಿ ಮೇಷ್ಟ್ರೇ, ನಮ್ ಮಡ್ಕೆನೂ ಮಸಿ ಹಿಡ್ದೈತೆ. ಒಳಗೆ ಉಳ್ಳಿಕಾಳು ಸಾರು ಬುಟ್ರೆ ಇನ್ನೇನೂ ಕಾಣೆ. ಒಡ್ವೆ ಎಲ್ ಮಡಗವ್ರೆ ಅಂತ ನಿಮ್ ಇಂಗ್ಲಿಷ್ ಅಯ್ನೋರ್ನೇ ಕೇಳಿ.”

ಇಂಗ್ಲಿಷ್ ಅಯ್ನೋರು ಎಂದರೆ ಆ ಚರಿತ್ರೆ ಬರೆದ ಸನ್ಯಾಸಿ. ಅಪ್ಪ ಅವರ ವಿಷಯ ಎಷ್ಟು ಹೇಳಿದ್ದರೆಂದರೆ ನಮ್ಮ ಮನೆಯಲ್ಲಿ ಅವರೂ ಒಬ್ಬ ಹಿರಿಯರಂತೆ ಆಗಿಬಿಟ್ಟಿದ್ದರು. ಅವರು ಚಿಕ್ಕಂದಿನಲ್ಲೇ ಮಠ ಸೇರಿದವರಂತೆ, ಮಠ ಬಿಟ್ಟು ಹೆಚ್ಚು ದೂರ ಹೋದವರೇ ಅಲ್ಲವಂತೆ. ಆದರೂ ಇಡೀ ನಾಡಿನ ಚರಿತ್ರೆ ಬರೆದರು. ಹೇಗೆಂದರೆ ಬಂದವರನ್ನೆಲ್ಲ ಕೇಳುತ್ತಿದ್ದರು, ಇದ್ದವರಿಗೆಲ್ಲ ಕಾಗದ ಬರೆಯುತ್ತಿದ್ದರು, ಯಾವ ಸಂಗತಿ ಯಾರಿಂದ ಬಂತು ಎಂದು ಅವರ ಹೆಸರು ಹಾಕುತ್ತಿದ್ದರು. ತಾವು ಕಂಡದ್ದಲ್ಲದಿದ್ದರೆ ಕೇಳಿದ್ದು ಎಂದು ಹೇಳಿಬಿಡುತ್ತಿದ್ದರು. ಒಳ್ಳೆಯವರ ವಿಚಾರ ಬರೆದರೆ ಕೇಳಿದವರು ಹಾಗೆ ಆಗಲು ನೋಡುತ್ತಾರೆ, ಕೆಟ್ಟದ್ದನ್ನು ಬರೆದರೆ ಕೇಳಿದವರು ಅದನ್ನು ಬಿಡಲು ನೋಡುತ್ತಾರೆ, ಆದ್ದರಿಂದ ಎರಡನ್ನೂ ಬರೆಯಬೇಕು ಎಂಬುದು ಅವರ ಅಭಿಪ್ರಾಯವಾಗಿತ್ತಂತೆ. ಇಷ್ಟು ಜನರ ಹೆಸರು ಉಳಿಸಿದವನ ಹೆಸರನ್ನೇ ಕಡಲೆಕಾಯಿಯವನು ಹರಿದುಬಿಟ್ಟನಲ್ಲ ಎಂದು ಅಪ್ಪ ವರ್ಷಕ್ಕೊಮ್ಮೆಯಾದರೂ ಪೇಚಾಡುತ್ತಿದ್ದರು.

ಅದನ್ನು ಓದಿದ ಮೇಲೆ ಅಪ್ಪ ಒಂದು ಉದ್ದನೆಯ ನೋಟು ಪುಸ್ತಕದಲ್ಲಿ ನಮ್ಮ ಮನೆಯ ಚರಿತ್ರೆ ಬರೆಯಲು ಶುರು ಮಾಡಿದರು. ಸಂಜೆ ದೀಪ ಹಚ್ಚಿದ ಕೂಡಲೇ ಎಲ್ಲರನ್ನೂ ನಡುಮನೆಯಲ್ಲಿ ಕೂರಿಸಿಕೊಂಡು, ಇವತ್ತು ಏನಾಯ್ತು ಎಂದು ಕೇಳುತ್ತಿದ್ದರು. ಯಾರು ಏನು ಹೇಳಿದರೂ ಅವರ ಮುಂದಿನ ಪ್ರಶ್ನೆ ಒಂದೇ. ಕಂಡದ್ದೋ, ಕೇಳಿದ್ದೋ? ಅಪ್ಪ ಬರೆಯುತ್ತಿದ್ದದ್ದು ಹೀಗೆ: ನಾಲೆಯ ನೀರು ಬಂತು, ಕಂಡವರು ಅಣ್ಣ. ಪಕ್ಕದೂರಿನ ಬಾವಿಯಲ್ಲಿ ದೀಪ ತೇಲಿತು, ಕೇಳಿದ್ದು, ಹೇಳಿದವರು ಅಮ್ಮ, ಅಮ್ಮನಿಗೆ ಹೇಳಿದವನು ಬಳೆಗಾರ. ನಾನು ಹೇಳಿದ ಮೇಲೆ ಮುಗಿಯಿತು, ನಡುವೆ ಆ ಬಳೆಗಾರನನ್ನು ಯಾಕೆ ತರುತ್ತೀಯ ಎಂದು ಅಜ್ಜಿ ಜಗಳ ಆಡುತ್ತಿದ್ದರು. ಅಪ್ಪ ಒಪ್ಪುತ್ತಿರಲಿಲ್ಲ. ನಮ್ಮಲ್ಲಿ ಅದು ಎಷ್ಟು ರೂಢಿಯಾಯಿತೆಂದರೆ, ಕೋಳಿ ಮೊಟ್ಟೆ ಇಟ್ಟಿದೆ ಅಂದರೂ ಯಾರಾದರೊಬ್ಬರು ಕಂಡ್ಯಾ ಕೇಳಿದ್ಯಾ ಅನ್ನುತ್ತಿದ್ದರು. ಕೇಳಿದ್ದಕ್ಕೆ ಬೆಲೆ ಕಡಿಮೆ. ಕಂಡದ್ದಾದರೆ ಅಪ್ಪ ಕಂಡವರ ಹೆಸರನ್ನು ಕೆಂಪು ಶಾಯಿಯಲ್ಲಿ ಬರೆದು, ಎಲ್ಲರಿಗೂ ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ದೊಡ್ಡಪ್ಪನ ಮಕ್ಕಳ ಹೆಸರು ಎಷ್ಟೋ ಸಲ ಬಂದಿತ್ತು. ನನ್ನದು ಒಂದು ಸಲವೂ ಬಂದಿರಲಿಲ್ಲ. ಕಂಡಿರಲಿಲ್ಲವೆಂದಲ್ಲ. ಹೇಳಲು ಬಾಯಿ ಬರುವಷ್ಟರಲ್ಲಿ ಇನ್ನೊಬ್ಬರು ಹೇಳಿಬಿಡುತ್ತಿದ್ದರು. ಮಲಗುವಾಗ ನಾನು ಆ ಕೆಂಪು ಶಾಯಿಯನ್ನೇ ನೆನೆಸಿಕೊಳ್ಳುತ್ತಿದ್ದೆ. ಒಂದು ಹೆಸರು, ಜಯಮ್ಮ, ಅಷ್ಟೇ. ಈಗ ಬರೆಯುವಾಗ ನಾಚಿಕೆಯಾಗುತ್ತದೆ.

ನಾನು ಆರನೇ ಕ್ಲಾಸಿನಲ್ಲಿದ್ದಾಗಿನ ಮಾರ್ಲಮಿ. ಎಡೆಯ ಅಡುಗೆಯನ್ನು ಯಾರೂ ರುಚಿ ನೋಡುವಂತಿಲ್ಲ, ಉಪ್ಪೂ ಅಂದಾಜಿನಲ್ಲೇ. ವಡೆ, ಕಜ್ಜಾಯ ಎಲ್ಲ ಆಗಿತ್ತು, ಮಾಂಸದ ಸಾರು ಬಾಕಿ ಇತ್ತು. ತಾತನಿಗೆ ಹುರಿಹಿಟ್ಟು ಬಹಳ ಇಷ್ಟವಾಗಿತ್ತೆಂದು ರಾಗಿ ಹುರಿದು ಬೀಸಿದ ಹಿಟ್ಟಿಗೆ ಬೆಲ್ಲ, ಕಾಯಿತುರಿ ಬೆರೆಸಿ ಒಂದು ಹಿತ್ತಾಳೆ ಬೋಗುಣಿಯಲ್ಲಿ ಇಟ್ಟಿದ್ದರು. ಅವ್ವ ಬಾವಿಗೆ ಹೋಗಿದ್ದರು. ಅಡುಗೆಮನೆಯಲ್ಲಿ ಅತ್ತೆ ಒಬ್ಬಳೇ. ಸೌದೆ ಹಸಿಯಿದ್ದು ಒಲೆ ಹಿಡಿಯುತ್ತಿರಲಿಲ್ಲ. ನಾನು ಹೊಸ್ತಿಲ ಮೇಲೆ ಬೆಳ್ಳುಳ್ಳಿ ಬಿಡಿಸುತ್ತಾ ಕೂತಿದ್ದೆ. ಅತ್ತೆಯ ಬೆನ್ನು ನನ್ನ ಕಡೆಗಿತ್ತು. ಅವಳು ಊದುಗೊಳವೆ ಹಿಡಿದು ಒಲೆಗೆ ಬಗ್ಗಿ ಊದುತ್ತಿದ್ದಳು. ಬೂದಿ ಎದ್ದು ಅವಳ ತಲೆಯ ಮೇಲೆ ಇಳಿಯುತ್ತಿತ್ತು. ಇಷ್ಟನ್ನು ನಾನು ಕಂಡೆ. ಇದಕ್ಕಿಂತ ಹೆಚ್ಚು ನಾನು ಕಂಡಿಲ್ಲ. ಅಷ್ಟರಲ್ಲಿ ದೊಡ್ಡಮ್ಮ ಹಿತ್ತಿಲ ಕಿಟಕಿಯಿಂದ ಇಣುಕಿ ನೋಡಿದರು, ಸುತ್ತು ಹಾಕಿಕೊಂಡು ಒಳಗೆ ಬಂದರು, ಬೋಗುಣಿಯ ಮುಚ್ಚಳ ತೆಗೆದರು. ಹಿಟ್ಟಿನ ಮೇಲೆ ಮೂರು ಬೆರಳಿನ ಗುಳಿ ಇತ್ತು. ದೊಡ್ಡಮ್ಮ ಕೂಗಿಕೊಂಡರು. ತಾಯಮ್ಮ ಎಡೆ ತಿಂದವ್ಳೆ, ಬಾಯಿ ತುಂಬ ಹುರಿಹಿಟ್ಟು ತುಂಬಿಕೊಂಡಿದ್ದಳು, ಎರಡು ಕೆನ್ನೆಯೂ ಉಬ್ಬಿತ್ತು, ಕಿಟಕಿಯಿಂದ ನೋಡಿದೆ, ಅಂತ. ಮನೆಯವರೆಲ್ಲ ಅಡುಗೆಮನೆಯ ಬಾಗಿಲಿಗೆ ಬಂದರು. ಅತ್ತೆ ತಿರುಗುವಷ್ಟರಲ್ಲಿ ದೊಡ್ಡಪ್ಪ ಎದುರಿಗಿದ್ದರು.

ಅತ್ತೆ, ನಾ ಮುಟ್ಟಿಲ್ಲ ಕಣಣ್ಣ ಅಂದಳು. ದೊಡ್ಡಮ್ಮ ಹೌದು ಅಂದರು, ಅತ್ತೆ ಇಲ್ಲ ಅಂದಳು. ಇಬ್ಬರ ಮಾತು ಎದುರುಬದುರು ನಿಂತಿತು. ಅಪ್ಪ ತಂಗಿಯ ಪರವಾಗಿ, ಅತ್ತಿಗೆ ಕಿಟಕಿಯಿಂದ ನೋಡಿದ್ದು, ಹೊಗೆ ಬೇರೆ ಇತ್ತು ಎಂದರು. ಹಾಗಾದರೆ ಇಲ್ಲೇ ಕೂತಿದ್ದ ನಿನ್ನ ಮಗಳನ್ನೇ ಕೇಳು ಎಂದರು ದೊಡ್ಡಮ್ಮ. ಎಲ್ಲರೂ ನನ್ನ ಕಡೆ ತಿರುಗಿದರು. ಆ ಮನೆಯಲ್ಲಿ ಅಷ್ಟು ಜನ ಒಟ್ಟಿಗೆ ನನ್ನನ್ನು ನೋಡಿದ್ದು ಅದೇ ಮೊದಲು. ಅಪ್ಪ ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತು ಮೆತ್ತಗೆ ಕೇಳಿದರು:

“ಜಯಾ, ಅತ್ತೆ ಬಾಯಲ್ಲಿ ಹಿಟ್ಟಿತ್ತಾ? ಕಂಡ್ಯಾ, ಕೇಳಿದ್ಯಾ?”

ಕೇಳಿದ್ದು ಅನ್ನಬೇಕಿತ್ತು. ದೊಡ್ಡಮ್ಮ ಈಗ ತಾನೇ ಕೂಗಿ ಹೇಳಿದ್ದನ್ನು ಬಿಟ್ಟರೆ ನನಗೆ ಏನೂ ಗೊತ್ತಿರಲಿಲ್ಲ. ಆದರೆ ಕೇಳಿದ್ದು ಅಂದರೆ ಎಲ್ಲರೂ ನನ್ನಿಂದ ಮುಖ ತಿರುಗಿಸಿಬಿಡುತ್ತಿದ್ದರು. ದೊಡ್ಡಮ್ಮ ಅಷ್ಟು ಗಟ್ಟಿಯಾಗಿ ಹೇಳಿದ ಮೇಲೆ ಅದು ನಿಜವೇ ಇರಬೇಕು, ನಿಜವಾದದ್ದನ್ನು ಕಂಡೆ ಅಂದರೆ ಏನು ತಪ್ಪು, ಎಂದು ಆ ಗಳಿಗೆಯಲ್ಲಿ ಅನ್ನಿಸಿತು. ನಾನು ಅಂದೆ:

“ಕಂಡೆ.”

ಅತ್ತೆ ನನ್ನನ್ನು ನೋಡಿದಳು. ಕೋಪ ಇರಲಿಲ್ಲ. ದಾರಿಯಲ್ಲಿ ಯಾರನ್ನೋ ನೋಡಿ, ಇವರನ್ನು ಎಲ್ಲೋ ನೋಡಿದ್ದೇನಲ್ಲ ಎಂದು ಯೋಚಿಸುವಂತೆ ನೋಡಿದಳು. ಆಮೇಲೆ ಕೈಯಲ್ಲಿದ್ದ ಊದುಗೊಳವೆಯನ್ನು ಗೋಡೆಗೆ ಒರಗಿಸಿ ಹೇಳಿದಳು:

“ಕೂಸು ಕಂಡೆ ಅಂದ್ಮೇಲೆ ಕಂಡಿರ್ತದೆ, ಬುಡಣ್ಣ.”

ಎಡೆಯೆಲ್ಲ ಮೈಲಿಗೆಯಾಯಿತೆಂದು ಅಷ್ಟೂ ಅಡುಗೆಯನ್ನು ದನಕ್ಕೂ ನಾಯಿಗೂ ಹಾಕಿ, ಮಡಕೆ ತೊಳೆದು, ಮತ್ತೆ ಮಾಡಿದರು. ಆ ಸಂಜೆ ಅಪ್ಪ ನೋಟು ಪುಸ್ತಕ ತೆಗೆಯುವರೋ ಇಲ್ಲವೋ ಎಂದು ನೋಡುತ್ತಿದ್ದೆ. ತೆಗೆದರು. ಕೆಟ್ಟದ್ದನ್ನೂ ಬರೆಯಬೇಕೆಂಬುದು ಅವರ ಸನ್ಯಾಸಿಯ ಮಾತಾಗಿತ್ತಲ್ಲ. ಎಡೆಯ ಹುರಿಹಿಟ್ಟನ್ನು ತಾಯಮ್ಮ ತಿಂದಳು, ಕಂಡವರು ಜಯಮ್ಮ, ಎಂದು ಬರೆದರು. ಕೆಂಪು ಶಾಯಿಯಲ್ಲೇ ಬರೆದರು. ಆದರೆ ಗಟ್ಟಿಯಾಗಿ ಓದಲಿಲ್ಲ. ಮುಂದಿನ ವಾರ ದೊಡ್ಡಪ್ಪ ಅಟ್ಟದಿಂದ ಬಿದ್ದು ಸೊಂಟ ನೋಯಿಸಿಕೊಂಡರು. ತಾತ ಮುನಿದಿದ್ದಾರೆ, ಈ ಹೆಂಗಸು ಮನೆಯಲ್ಲಿರುವವರೆಗೆ ಏಳಿಗೆ ಇಲ್ಲ ಎಂದು ದೊಡ್ಡಮ್ಮ ಶುರು ಮಾಡಿದರು. ಅಜ್ಜಿ ಎರಡು ದಿನ ಅತ್ತರು, ಮೂರನೆಯ ದಿನ ಸುಮ್ಮನಾದರು. ಅಪ್ಪ ಅಣ್ಣನ ಎದುರು ಏನೋ ಹೇಳಲು ಹೋದರು. ನಿನ್ನ ಪುಸ್ತಕದಲ್ಲೇ ಬರೆದಿದ್ದೀಯಲ್ಲ ಅಂದರು ದೊಡ್ಡಪ್ಪ. ಅತ್ತೆಯನ್ನು ನಾಗಮಂಗಲದ ಕಡೆಗೆ, ಸತ್ತ ಗಂಡನ ಅಣ್ಣನ ಮನೆಗೆ ಕಳಿಸಿದರು. ಅಲ್ಲಿ ಅವಳನ್ನು ಯಾರೂ ಕರೆದಿರಲಿಲ್ಲ. ಎರಡು ಸೀರೆ, ಒಂದು ಚೊಂಬು ಗಂಟು ಕಟ್ಟಿಕೊಂಡು, ಹಸುವಿನ ಹಣೆ ಸವರಿ, ಬಸ್ಸಿನವರೆಗೆ ಅಪ್ಪನ ಹಿಂದೆ ಹತ್ತು ಹೆಜ್ಜೆ ಬಿಟ್ಟು ನಡೆದು ಹೋದಳು. ನಾನು ಜಗಲಿಯ ಕಂಬದ ಹಿಂದೆ ನಿಂತಿದ್ದೆ.

ನಿಮಗೆ ಅನ್ನಿಸಬಹುದು, ಹತ್ತು ಹನ್ನೊಂದು ವರ್ಷದ ಹುಡುಗಿಯ ಒಂದು ಮಾತು, ಇದನ್ನು ಇಷ್ಟು ವರ್ಷ ಹೊತ್ತುಕೊಂಡು ತಿರುಗುತ್ತಾರಾ ಅಂತ. ಆ ಒಂದು ಮಾತಾಗಿದ್ದರೆ ನಾನೂ ಇಳಿಸಿಬಿಡುತ್ತಿದ್ದೆ. ಹಿಂಗಾರು ಮುಗಿದು ಚಳಿ ಶುರುವಾದಾಗ ಒಂದು ಸೋಮವಾರ ಅಪ್ಪ ಬಾಗಿಲ ಮೇಲೆ ಹೊಸ ಗಾದೆ ಬರೆದರು. ಅತ್ತೆ ಹೋದ ಮೇಲೆ ಎಷ್ಟೋ ವಾರ ಬರೆದೇ ಇರಲಿಲ್ಲ. ಬಾಯಿ ತುಂಬ ಹಿಟ್ಟು ಇಟ್ಟುಕೊಂಡು ಬೆಂಕಿ ಊದಲು ಯಾರಿಂದಲೂ ಆಗದು ಎಂಬುದೇ ಆ ಗಾದೆ. ನಾನು ಅವ್ವನಿಗೆ ಓದಿ ಹೇಳಿದೆ. ಅವ್ವ ನಕ್ಕರು. ಇದ ಬರಿಯಕ್ಕೆ ಪುಸ್ತ್ಕ ಬೇಕಾ, ಒಂದು ದಿನ ಒಲೆ ಮುಂದೆ ಕೂತ್ರೆ ಸಾಕು ಅಂದು ಕೊಡ ಎತ್ತಿಕೊಂಡು ಹೋದರು. ಅಪ್ಪ ಆ ಗಾದೆಯನ್ನು ಬೇಕೆಂದೇ ಆರಿಸಿದ್ದರೋ, ಪುಸ್ತಕದಲ್ಲಿ ಮುಂದಿನದು ಅದೇ ಆಗಿತ್ತೋ, ನನಗೆ ಗೊತ್ತಿಲ್ಲ. ಕೇಳಲಿಲ್ಲ. ನಾನು ಬಾಗಿಲ ಮುಂದೆ ನಿಂತು ಅದನ್ನು ಮೂರು ನಾಲ್ಕು ಸಲ ಓದಿದೆ. ಡಬ್ಬದಿಂದ ಒಂದು ಹಿಡಿ ಹುರಿಹಿಟ್ಟು ತೆಗೆದು ಬಾಯಿಗೆ ತುಂಬಿಕೊಂಡೆ. ಊದುಗೊಳವೆ ತೆಗೆದುಕೊಂಡು ಒಲೆಯ ಮುಂದೆ ಕೂತು ಊದಿದೆ.

ಹಿಟ್ಟು ಕೊಳವೆಗೆ ತುಂಬಿಕೊಂಡಿತು, ಮೂಗಿಗೆ ಏರಿತು, ಉಳಿದದ್ದು ಗಂಟಲಿಗೆ ಸಿಕ್ಕಿ ಉಸಿರು ನಿಂತಂತಾಯಿತು. ಕೆಮ್ಮಿದ ರಭಸಕ್ಕೆ ಒಲೆಯ ಮೇಲೆಲ್ಲ ಹಿಟ್ಟು ಚೆಲ್ಲಿ ಚಟಚಟ ಉರಿಯಿತು. ನೀರು ತಂದ ಅವ್ವ ಕೊಡ ಇಳಿಸಿ ಓಡಿ ಬಂದು ಬೆನ್ನಿಗೆ ಗುದ್ದಿದರು, ನೀರು ಕುಡಿಸಿದರು, ಬೈದರು. ಬೈಯುತ್ತಿದ್ದವರು ನಡುವೆ ನಿಲ್ಲಿಸಿದರು. ಕೊಳವೆಯನ್ನು ನೋಡಿದರು, ಬಾಗಿಲ ಮೇಲಿನ ಬರಹವನ್ನು ನೋಡಿದರು, ಓದಲು ಬಾರದಿದ್ದರೂ. ಆವತ್ತು ಅತ್ತೆ ಒಲೆ ಊದುತ್ತಿದ್ದುದನ್ನು ನಾನು ನನ್ನ ಕಣ್ಣಾರೆ ಕಂಡಿದ್ದೆ. ಊದುತ್ತಿದ್ದವಳ ಕೆನ್ನೆ ಉಬ್ಬದೆ ಇನ್ನೇನಾಗುತ್ತದೆ? ಅವಳ ಬಾಯಲ್ಲಿ ಹಿಟ್ಟು ಇರಲು ಸಾಧ್ಯವೇ ಇರಲಿಲ್ಲ. ನಾನು ಕಂಡದ್ದನ್ನು ಕಂಡ ಹಾಗೆ ಹೇಳಿದ್ದರೆ ಅದೊಂದೇ ಸಾಕಾಗಿತ್ತು. ಅವ್ವ ನನ್ನ ಮುಖ ಒರೆಸುತ್ತಾ ಬಹಳ ಮೆತ್ತಗೆ ಹೇಳಿದರು:

“ಓಗು ಮಗ. ನಿಮ್ಮಪ್ಪಂಗೆ ಯೋಳೋಗು. ಈಗ್ಲೇ ಯೋಳ್ಬುಟ್ರೆ ನಾಳೆ ಬಸ್ಸಿಗೇ ಓಗಿ ಕರ್ಕೊಂಡ್ ಬತ್ತಾರೆ.”

ಹೋದೆ. ಅಪ್ಪ ಜಗಲಿಯಲ್ಲಿ ಮಕ್ಕಳ ಪರೀಕ್ಷೆಯ ಪತ್ರಿಕೆ ತಿದ್ದುತ್ತಿದ್ದರು. ಬಾಗಿಲ ಚೌಕಟ್ಟು ಹಿಡಿದು ನಿಂತೆ. ಏನವ್ವ ಅಂದರು, ತಲೆ ಎತ್ತದೆ. ಅವರ ಕೈಯಲ್ಲಿದ್ದದ್ದು ಅದೇ ಕೆಂಪು ಶಾಯಿ. ತಪ್ಪು ಉತ್ತರಗಳ ಮೇಲೆ ಗೆರೆ ಎಳೆಯುತ್ತಿದ್ದರು. ನನ್ನ ಹೆಸರಿನ ಮೇಲೂ ಹಾಗೆ ಎಳೆಯುತ್ತಾರೆ ಎನ್ನಿಸಿತು. ಏನಿಲ್ಲ ಅಂದು ಒಳಗೆ ಬಂದೆ. ಅವ್ವ ಕೇಳಲಿಲ್ಲ. ಅವರು ತಾವೇ ಹೇಳಬಹುದಿತ್ತು. ಯಾಕೆ ಹೇಳಲಿಲ್ಲವೋ. ದೊಡ್ಡಮ್ಮನ ಜೊತೆ ಒಂದೇ ಒಲೆಯಲ್ಲಿ ಬದುಕಬೇಕಿತ್ತು, ಅದಕ್ಕಿರಬಹುದು. ಮಗಳು ಸುಳ್ಳಿ ಎಂದು ಊರೆಲ್ಲ ಹಬ್ಬುತ್ತದೆ ಎಂದಿರಬಹುದು. ಅದು ಊಹೆ. ನನ್ನದು ಊಹೆಯಲ್ಲ. ನಾನು ಗೊತ್ತಿದ್ದೂ ಹೇಳಲಿಲ್ಲ. ಆ ದಿನ ಹೇಳಲಿಲ್ಲ, ಮಾರನೆಯ ದಿನ ಹೇಳಲಿಲ್ಲ, ಏಳನೇ ಕ್ಲಾಸು ಮುಗಿಯಿತು, ಶಾಲೆ ಬಿಡಿಸಿದರು, ಕಿಕ್ಕೇರಿ ಹೋಬಳಿಯ ನಿಮ್ಮ ತಾತನಿಗೆ ಕೊಟ್ಟರು. ಪ್ರತಿ ವರ್ಷ ಎಡೆಯ ದಿನ, ಈ ವರ್ಷ ಹೇಳುತ್ತೇನೆ ಎಂದುಕೊಳ್ಳುತ್ತಿದ್ದೆ.

ನಿಮ್ಮಪ್ಪ ಹುಟ್ಟಿ ನಡೆಯುವಂತಾದ ಮೇಲೆ ಒಂದು ಸಲ, ನಿಮ್ಮ ತಾತನಿಗೆ ನೆಂಟರ ಮನೆಗೆಂದು ಹೇಳಿ, ಮಗುವನ್ನು ಅವರ ತಾಯಿಯ ಹತ್ತಿರ ಬಿಟ್ಟು, ಒಬ್ಬಳೇ ನಾಗಮಂಗಲಕ್ಕೆ ಹೋದೆ. ಅಲ್ಲಿಂದ ಇನ್ನೊಂದು ಬಸ್ಸು, ಆಮೇಲೆ ನಡಿಗೆ. ಒಬ್ಬಳೇ ಅಷ್ಟು ದೂರ ಹೋದದ್ದು ಅದೊಂದೇ ಸಲ. ತಾಯಮ್ಮತ್ತೆ ಒಂದು ಸೂರಿನ ಕೆಳಗೆ ಕೂತು ಹುರುಳಿ ಕೇರುತ್ತಿದ್ದಳು. ತಲೆ ಪೂರಾ ಬೆಳ್ಳಗಾಗಿತ್ತು. ಆ ಮನೆಯವರು ಅವಳಿಗೆ ಕೊಟ್ಟಿದ್ದದ್ದು ಆ ಸೂರು, ಮತ್ತು ದನದ ಕೆಲಸ. ನನ್ನ ಗುರುತು ಹತ್ತಿದ ಮೇಲೆ ಗೋಣಿತಟ್ಟು ಹಾಸಿ ಕೂರಿಸಿ, ಮಜ್ಜಿಗೆ ಕೊಟ್ಟು, ಎಲ್ಲರನ್ನೂ ವಿಚಾರಿಸಿದಳು. ದೊಡ್ಡಮ್ಮನನ್ನೂ ವಿಚಾರಿಸಿದಳು. ನಾನು ಹೇಳಲು ಬಂದದ್ದನ್ನು ಹೇಳಲು ಹೊರಟು ಅರ್ಧಕ್ಕೇ ನಿಂತೆ. ಅವಳೇ ನನ್ನ ಕೈ ತಟ್ಟಿದಳು.

“ಆವತ್ತು ತಿಂದಿರ್ನಿಲ್ಲ ಕಣವ್ವ. ಅದ್ರ ಹಿಂದಿನ್ ವರ್ಸ ತಿಂದಿದ್ದೆ. ವಸಿ ಬಾಯಿಗೆ ಹಾಕ್ಕೊಂಡಿದ್ದೆ, ಯಾರೂ ಕಾಣ್ನಿಲ್ಲ. ಹಂಗಾಗಿ ಸರಿಗೆ ಸರಿ ಹೋಯ್ತು ಬುಡು.”

ಅಂದು ನಕ್ಕಳು. ನನಗೆ ನಗಲಾಗಲಿಲ್ಲ. ಮೂರು ಬೆರಳಿನ ಗುಳಿ ಯಾರದು ಅತ್ತೆ ಎಂದು ಕೇಳಿದೆ. ಕಂಡವರು ಹೇಳಬೇಕು, ನನಗೇನು ಗೊತ್ತು ಅಂದಳು. ಅದು ಯಾರದೆಂದು ನನಗೆ ಇಂದಿಗೂ ಗೊತ್ತಿಲ್ಲ, ಮಕ್ಕಳೇ. ಗೊತ್ತಿಲ್ಲವೆಂದೇ ಬರೆಯುತ್ತಿದ್ದೇನೆ. ನಾನು ಊರಿಗೆ ಹೋಗಿ ಅಪ್ಪನಿಗೆ ಎಲ್ಲ ಹೇಳುತ್ತೇನೆ, ಆ ಪುಟವನ್ನು ಹರಿದುಹಾಕಿಸುತ್ತೇನೆ ಎಂದೆ. ಅತ್ತೆ ಮೊರವನ್ನು ಕೆಳಗಿಟ್ಟಳು. ಆಗ ಅವಳ ಮುಖದಲ್ಲಿ ನಗು ಹೋಗಿತ್ತು.

“ಹರೀಬ್ಯಾಡಿ ಅನ್ನು. ನನ್ ಹೆಸ್ರು ಬರ್ದಿರೋದು ಅದೊಂದ್ರಲ್ಲೇ. ರೇಸನ್ ಕಾರ್ಡಲ್ಲೂ ಹಾಕ್ಸಿಲ್ಲ ಇವ್ರು. ಅದು ಇರ್ಲಿ. ಕೆಳಗಡೆ ನಿಜ ಏನೈತೋ ಅದ್ನ ಬರ್ದು ಮಡಗಿ, ಆಯ್ತಾ?”

ಅಪ್ಪನಿಗೆ ಹೇಳಿದೆ. ಹೇಳಲು ಇನ್ನೂ ಎರಡು ವರ್ಷ ಹಿಡಿಯಿತು ಎಂಬುದನ್ನೂ ಬರೆದುಬಿಡುತ್ತೇನೆ. ಅಷ್ಟರಲ್ಲಿ ಅತ್ತೆ ತೀರಿಕೊಂಡಿದ್ದಳು. ಸುದ್ದಿ ಬಂದಾಗ ನಮ್ಮ ಹೊಲದಲ್ಲಿ ಕಬ್ಬು ಕಡಿಯುತ್ತಿದ್ದರು, ಆಳುಗಳಿಗೆ ಅಡುಗೆ ಮಾಡುವವರು ಯಾರೂ ಇರಲಿಲ್ಲ, ಹೋ‌ಗಲಾಗಲಿಲ್ಲ. ಅಪ್ಪ ನಾನು ಹೇಳಿದ್ದನ್ನೆಲ್ಲ ಕೇಳಿ ಬೈಯಲಿಲ್ಲ. ಆಗ ಅವರ ಎರಡು ಕಣ್ಣಿಗೂ ಪೊರೆ ಬಂದಿತ್ತು. ಒಂದೇ ಮಾತು ಅಂದರು. ನಾನು ನಿನ್ನನ್ನು ಕೇಳಿದ್ದೇ ತಪ್ಪು, ಏನು ಕಂಡೆ ಎಂದು ಕೇಳಬೇಕಿತ್ತು, ಹಿಟ್ಟಿತ್ತಾ ಎಂದು ಕೇಳಿದೆ. ಆಮೇಲೆ ನೋಟು ಪುಸ್ತಕವನ್ನು ತರಿಸಿ ನನ್ನ ಕೈಗೆ ಕೊಟ್ಟು, ನನಗೆ ಕಾಣುವುದಿಲ್ಲ, ಕೆಳಗೆ ನೀನೇ ಬರೆ ಎಂದರು.

ಆ ಪುಸ್ತಕವನ್ನು ಕಿಕ್ಕೇರಿಗೆ ತಂದು ಪೆಟ್ಟಿಗೆಯಲ್ಲಿ ಇಟ್ಟೆ. ಒಂದೆರಡು ಸಲ ತೆಗೆದೆ. ಆ ಕೆಂಪು ಅಕ್ಷರಗಳ ಕೆಳಗೆ ಎರಡು ಬೆರಳಗಲ ಜಾಗವಿತ್ತು. ಅಷ್ಟರಲ್ಲಿ ಹೇಗೆ ಹಿಡಿಸುವುದೋ ತಿಳಿಯಲಿಲ್ಲ. ಅಪ್ಪ ಹೋದರು. ನಿಮ್ಮ ತಾತ ಹಾಸಿಗೆ ಹಿಡಿದರು, ಆರು ವರ್ಷ ಅವರದೇ ಕೆಲಸ. ಅವರು ಹೋದ ಮೇಲೆ ಹಳೆಯ ಮನೆಯ ಹೆಂಚು ಇಳಿಸಿದಾಗ ಪೆಟ್ಟಿಗೆ ತೆಗೆದು ನೋಡಿದರೆ ಗೆದ್ದಲು. ನೋಟು ಪುಸ್ತಕ ಮುಟ್ಟಿದರೆ ಮಣ್ಣಾಗಿ ಉದುರಿತು. ಅಪ್ಪನ ಗಾದೆಯ ಪುಸ್ತಕವೂ ಅದರ ಜೊತೆಗೇ ಹೋಯಿತು. ಬರಹ ಹೋಯಿತು, ಆದರೆ ಸುಳ್ಳು ಹೋಗಲಿಲ್ಲ. ಅದು ಬಾಯಿಂದ ಬಾಯಿಗೆ ನಡೆದು, ಮೂರು ಊರು ದಾಟಿ, ಕಳೆದ ವರ್ಷ ನಮ್ಮ ಹಜಾರಕ್ಕೇ ಬಂದು ಕೂತಿತ್ತು. ಅದನ್ನು ಕಂಡೂ ನಾನು ನಕ್ಕೆ.

ಆದ್ದರಿಂದ ಈಗ ಬರೆಯುತ್ತೇನೆ. ನಮ್ಮಪ್ಪನ ತಂಗಿ ತಾಯಮ್ಮ ಆ ವರ್ಷದ ಎಡೆಯನ್ನು ತಿನ್ನಲಿಲ್ಲ. ಅವಳು ಒಲೆ ಊದುತ್ತಿದ್ದಳು. ಕಂಡವಳು ನಾನು, ಹೊಸ್ತಿಲ ಮೇಲಿನಿಂದ, ಮೂರು ಮಾರು ದೂರದಲ್ಲಿ. ಇದಕ್ಕೆ ವಿರುದ್ಧ ಹೇಳಿದವಳೂ ನಾನೇ. ಅವಳಿಗೆ ಮಕ್ಕಳಿಲ್ಲ, ಎರಡು ಮನೆಯವರೂ ಅವಳಿಗೆ ಎಡೆ ಇಟ್ಟಿದ್ದನ್ನು ನಾನು ಕೇಳಿಲ್ಲ. ಈ ಮಾರ್ಲಮಿಗೆ ನಮ್ಮಲ್ಲಿ ಒಂದು ಎಲೆ ಹೆಚ್ಚು ಹಾಕಬೇಕೆಂದು ನಿಮ್ಮಪ್ಪನಿಗೆ ನೀವೇ ಹೇಳಿ. ನಾನು ಹೇಳಲು ಹೋದರೆ ಮತ್ತೆ ಅರ್ಧಕ್ಕೇ ನಿಲ್ಲುತ್ತೇನೆ.

ಇವಿಷ್ಟು ಹಾಳೆಗಳು. ಪೆಟ್ಟಿಗೆಯಲ್ಲಿ ಇಡಬೇಡಿ, ಅಟ್ಟದ ಮೇಲೆ ಬೇಡ, ದೇವರ ಗೂಡಿನಲ್ಲೂ ಬೇಡ, ಅಲ್ಲಿ ಎಣ್ಣೆ ಹತ್ತುತ್ತದೆ. ಬೀರುವಿನಲ್ಲಿ ಪಹಣಿ, ಆಧಾರ್ ಕಾರ್ಡು ಇಟ್ಟಿರುವ ಪ್ಲಾಸ್ಟಿಕ್ ಕವರಿದೆಯಲ್ಲ, ಮನೆಗೆ ನೀರು ನುಗ್ಗಿದರೂ ನಿಮ್ಮಪ್ಪ ಮೊದಲು ಎತ್ತಿಕೊಳ್ಳುವುದು ಅದನ್ನೇ, ಅದರೊಳಗೆ ಇಡಿ. ಯಾರಾದರೂ ಆ ಕಥೆಯನ್ನು ಮತ್ತೆ ತೆಗೆದರೆ ಜಗಳ ಬೇಡ, ಈ ಹಾಳೆಗಳನ್ನು ತೆಗೆದು ಓದಿ ಹೇಳಿ. ನನ್ನ ಅಕ್ಷರ ಕೆಲವು ಕಡೆ ಕೂಡಿಕೊಂಡಿದೆ. ತಿಳಿಯದ ಕಡೆ ನಾನಿರುವಾಗಲೇ ಬಂದು ಕೇಳಿ. ನಾನಿಲ್ಲದಿದ್ದರೆ ಅಷ್ಟು ಜಾಗವನ್ನು ಹಾಗೇ ಬಿಟ್ಟು ಮುಂದೆ ಓದಿ. ಊಹಿಸಿ ತುಂಬಬೇಡಿ.